ಗೇಟು ಮೊದಲು, ಮನೆ ಆಮೇಲೆ

ಈ ಸಲದ ಆಯುಧಪೂಜೆಗೆ ನಮ್ಮ ವರ್ಕ್‌ಶಾಪಿನ ಮೇಜಿನ ಮೇಲೆ ಒಂದು ಹೊಸ ಆಯುಧ ಬಂದು ಕೂತಿತ್ತು. ವೆಲ್ಡಿಂಗ್ ಮೆಷಿನ್, ಗ್ರೈಂಡರ್, ಡ್ರಿಲ್ಲು, ಸುತ್ತಿಗೆ ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಒರೆಸಿ, ಗಂಧ ಹಚ್ಚಿ, ಸೇವಂತಿಗೆ ಏರಿಸಿ ಸಾಲಾಗಿ ಇಟ್ಟವನು ನಾನೇ. ಆರತಿ ಎತ್ತಲು ಬಗ್ಗಿ ನೋಡುತ್ತೇನೆ, ಗ್ರೈಂಡರಿನ ಮಗ್ಗುಲಲ್ಲಿ ಅಂಗೈಯಗಲದ, ಕಪ್ಪು ಬಣ್ಣದ, ಎರಡು ಕೊಂಬು ಇರುವ ಒಂದು ಸಾಮಾನು. ಕಂಪ್ಯೂಟರಿನಲ್ಲಿ ಗೇಮ್ ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರ್. ಅದಕ್ಕೂ ಗಂಧ, ಅದಕ್ಕೂ ಹೂವು.

“ಇದನ್ನ್ ಯಾರ್ ತಂದ್ ಇಟ್ಟದ್ದ್ ಇಲ್ಲಿ?” ಎಂದೆ.

“ನಾನೇ,” ಎಂದಳು ನನ್ನ ಹೆಂಡತಿ ಜಲಜ, ಆರತಿ ತಟ್ಟೆಗೆ ಕರ್ಪೂರ ಹಾಕುತ್ತಾ. “ನೀವ್ ಇಷ್ಟ್ ವರ್ಷಕ್ಕ್ ಸ್ವಂತ ಮನಿ ಅಂದೇಳಿ ಕಟ್ಟದ್ದ್ ಅದ್ರಲ್ಲೇ ಅಲ್ದಾ? ಅದಕ್ಕೂ ಒಂದ್ ಹೂಂಗ್ ಇರ್ಲಿ.”

ಕೆಲಸದವರಿಬ್ಬರು ಗೋಡೆಯ ಕಡೆ ತಿರುಗಿ ನಕ್ಕರು. ನಾನು ಗಂಟೆ ಸ್ವಲ್ಪ ಜೋರಾಗಿ ಬಾರಿಸಿದೆ.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದೇ ತೊಂದರೆ. ನಾನು ಓದಿದ್ದು ಏಳನೆಯ ತರಗತಿ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಎಂಟನೆಯದಕ್ಕೆ ಸೇರಬೇಕಾದ ಮಳೆಗಾಲದಲ್ಲಿ ಬ್ರಹ್ಮಾವರದ ಒಂದು ಗ್ಯಾರೇಜಿನಲ್ಲಿ ಕಣ್ಣಿಗೆ ಕಪ್ಪು ಗಾಜು ಹಿಡಿದು ಕೂತಿದ್ದೆ. ಆ ಗಾಜಿನಿಂದಲೇ ಲೋಕ ನೋಡಿದ್ದು. ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಎರಡೂ ಬದಿ ನೋಡುತ್ತಾ ಹೋಗಿ. ನಿಂತು ಇನ್ನೊಮ್ಮೆ ನೋಡಬೇಕು ಎನ್ನಿಸುವ ಗೇಟು ಕಂಡರೆ ಅದು ನನ್ನದು. ನೋಡಬೇಕು ಎನ್ನಿಸದಿದ್ದರೆ ಬೇರೆಯವರದ್ದು.

ಗೇಟಿನ ಕತೆ ಹೇಳಲು ಹೊರಟರೆ ಮುಗಿಯುವುದಿಲ್ಲ. ಹಾಲಾಡಿಯ ಕಡೆಯವರೊಬ್ಬರು ಗೇಟಿನ ಎರಡು ಎಲೆಗೂ, ಎಂದರೆ ಎರಡು ಬದಿಯ ಕದಕ್ಕೂ, ಒಂದೊಂದು ಸಿಂಹ ಬೇಕೆಂದರು. ಅವರೇ ತಂದುಕೊಟ್ಟ ಚಿತ್ರ ನೋಡಿ ತಗಡು ಕತ್ತರಿಸಿದೆ. ನಿಲ್ಲಿಸಿದ ಮೇಲೆ ದೂರದಿಂದ ನೋಡಿದರೆ ಎರಡೂ ಬೀದಿನಾಯಿಯ ಹಾಗೆ ಕಂಡವು. ಅವರು ಗಲ್ಲಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿ, “ಮೇಸ್ತ್ರಿ, ಇದ್ ಬೊಗಳುದಿಲ್ಲೆ ಅಲ್ದಾ?” ಎಂದು ಕೇಳಿದರು. ಕಾವಲಿಗೆ ಸಿಂಹಕ್ಕಿಂತ ನಾಯಿ ವಾಸಿ ಎಂದೆ. ಅವರಿಗೂ ಸರಿ ಕಂಡಿತೋ ಏನೋ, ಈಗಲೂ ಅದೇ ಇದೆ.

ಹೀಗೆ ಊರಿಗೆಲ್ಲ ಗೇಟು ಮಾಡಿದ ನಾನು ಇರುವುದು ವರ್ಕ್‌ಶಾಪಿನ ಹಿಂದಿನ ಬಾಡಿಗೆ ಮನೆಯಲ್ಲಿ. ಕುಂದಾಪುರದ ಹೊರಗೆ, ಮೂರು ಮನೆಗಳ ಒಂದು ಸಾಲು, ಅದರಲ್ಲಿ ನಡುವಿನದ್ದು. ಎರಡು ಮಗ್ಗುಲಿಗೂ ಬೇರೆಯವರ ಗೋಡೆ. ಹಿಂದಿನ ಗೋಡೆಗೆ ತಾಗಿ ಇನ್ನಾರದ್ದೋ ತೆಂಗಿನ ಹಿತ್ತಲು. ಹಾಗಾಗಿ ಮನೆಗೆ ಇರುವುದು ಒಂದೇ ಬಾಗಿಲು. ಮೀನು ಬರುವುದೂ ಅದರಲ್ಲೇ, ಭಟ್ಟರು ಬರುವುದೂ ಅದರಲ್ಲೇ, ಕಸ ಹೋಗುವುದೂ ಅದರಲ್ಲೇ.

ನಮ್ಮ ಕಡೆಯ ಒಂದು ಪದ್ಧತಿ ನಿಮಗೂ ಗೊತ್ತಿರಬಹುದು. ಮುಸ್ಸಂಜೆಗೆ ದೀಪ ಹಚ್ಚುವ ಮೊದಲು ಹಿಂದಿನ ಬಾಗಿಲು ಹಾಕಬೇಕು, ಎದುರಿನ ಬಾಗಿಲು ತೆರೆದಿರಬೇಕು. ಎದುರಿನಿಂದ ಲಕ್ಷ್ಮಿ ಬರುವ ಹೊತ್ತು ಅದು. ಹಿಂದಿನದು ತೆರೆದಿದ್ದರೆ ಬಂದವಳು ಹಾಗೇ ಆಚೆಗೆ ಹೋಗಿಬಿಡುತ್ತಾಳಂತೆ. ಬೈಂದೂರಿನ ಕಡಲ ಬದಿಯಲ್ಲಿದ್ದ ನಮ್ಮ ಮನೆಯಲ್ಲಿ ಎದುರಿನ ಬಾಗಿಲಿನಲ್ಲಿ ನಿಂತರೆ ಹಿಂದಿನ ಬಾಗಿಲಿನಿಂದ ಸಮುದ್ರ ಕಾಣುತ್ತಿತ್ತು. ಸಂಜೆ ಆ ಹಿಂದಿನ ಬಾಗಿಲು ಹಾಕುವ ಕೆಲಸ ನನ್ನದು. ಗಾಳಿಗೆ ಎದುರಾಗಿ ಬೆನ್ನು ಕೊಟ್ಟು ತಳ್ಳಬೇಕು, ಆಮೇಲೆ ಮರದ ಅಗುಳಿ ಜಾರಿಸಬೇಕು. ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ ಅಪ್ಪಯ್ಯ ತಲೆ ಎತ್ತದೆಯೇ, “ಗಟ್ಟಿ ಹಾಕಿದ್ಯಾ? ಅವ್ಳ್ ಹೋದ್ರೆ ನಿನ್ನನ್ನೇ ಕಳ್ಸುದ್ ಹುಡ್ಕುಕ್” ಎನ್ನುತ್ತಿದ್ದರು. ಲಕ್ಷ್ಮಿಯನ್ನು ಹುಡುಕಿಕೊಂಡು ಮರಳಿನ ಮೇಲೆ ಎಲ್ಲಿಯವರೆಗೆ ಹೋಗಬೇಕಾದೀತು ಎಂದು ನಾನು ನಿಜವಾಗಿಯೂ ಯೋಚಿಸಿದ್ದುಂಟು. ಶಿರೂರಿನವರೆಗೆ ಸಾಕು ಎಂದು ತೀರ್ಮಾನಿಸಿದ್ದೆ. ಅದರಾಚೆ ಬೇರೆ ಜಿಲ್ಲೆ.

ಬಸ್ರೂರಿನ ತವರಿನಲ್ಲಿ ಆ ಕೆಲಸ ಜಲಜಳದ್ದಾಗಿತ್ತಂತೆ. ಮದುವೆಯಾಗಿ ಈ ಒಂದು ಬಾಗಿಲಿನ ಮನೆಗೆ ಬಂದ ದಿನವೇ ಕೇಳಿದ್ದಳು, “ಹ್ವಾಯ್, ಹಿಂದಿನ್ ಬಾಗ್ಲ್ ಎಲ್ಲಿತ್?” ಇಲ್ಲ ಎಂದೆ. “ಹಾಂಗಾರೆ ಸಂಜಿಗ್ ಎಂತ ಹಾಕುದ್?” ಎಂದಳು. ಸ್ವಲ್ಪ ದಿನ ತಡಿ, ನಮ್ಮದೇ ಮನೆ ಆಗುತ್ತದೆ, ಎರಡಲ್ಲ ಮೂರು ಬಾಗಿಲು ಇಡುವ ಎಂದೆ. ಆ ಸ್ವಲ್ಪ ದಿನ ಇನ್ನೂ ನಡೆಯುತ್ತಿತ್ತು.

ಜಾಗ ಇಲ್ಲವೆಂದಲ್ಲ. ಬಸ್ರೂರಿನಲ್ಲಿ ಹೊಳೆಯ ಹತ್ತಿರ ಒಂದು ತುಂಡು ಜಾಗ ನಮ್ಮಿಬ್ಬರ ಹೆಸರಿನಲ್ಲಿ ಆಗಿ ಎಷ್ಟೋ ಕಾಲವಾಯಿತು. ಆದರೆ ಅದು ಗಲ್ಲಿಯ ಒಳಗೆ. ಅಲ್ಲಿ ನಾನು ಗೇಟು ಹಾಕಿದರೆ ನೋಡುವವರು ಹಾಲು ಕೊಡಲು ಬರುವ ಹೆಂಗಸು, ಮತ್ತೆ ಎರಡು ಎಮ್ಮೆ. ನೀವೇ ಹೇಳಿ, ಇಡೀ ಹೆದ್ದಾರಿಗೆ ಗೇಟು ಮಾಡಿಕೊಟ್ಟವನ ಗೇಟು ಎಮ್ಮೆ ನೋಡುವುದೇ? ರಸ್ತೆ ಬದಿಯಲ್ಲಿ ಜಾಗ ಸಿಗಲಿ, ಆಗ ಕಟ್ಟುವ ಎಂದು ನಾನು. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅವಳು, “ಈ ಸಲ?” ಎನ್ನುತ್ತಿದ್ದಳು. “ಕಾಂಬ, ನೋಡುವ” ಎನ್ನುತ್ತಿದ್ದೆ. ಅಷ್ಟೇ ಮಾತು, ಜಗಳವಲ್ಲ.

ಗೇಟು ಮಾತ್ರ ಯಾವಾಗಲೂ ತಯಾರಾಗಿ ಇರುತ್ತಿತ್ತು. ನಮ್ಮ ಮನೆಗೆಂದು, ಕೆಲಸ ಕಡಿಮೆಯಿರುವ ಮಳೆಗಾಲದಲ್ಲಿ, ಮನಸ್ಸಿಟ್ಟು ಒಂದು ಗೇಟು ಮಾಡಿ ವರ್ಕ್‌ಶಾಪಿನ ಗೋಡೆಗೆ ಒರಗಿಸುವುದು. ಬಂದವರು ನೋಡುವುದು, ಇದೇ ಬೇಕು ಎಂದು ಹಟ ಹಿಡಿಯುವುದು, ಕೊಟ್ಟುಬಿಡುವುದು. ಮತ್ತೆ ಬರುವ ಮಳೆಗಾಲಕ್ಕೆ ಇನ್ನೊಂದು. ನಮ್ಮ ಮನೆಯ ಗೇಟು ಹೀಗೆ ಬೇರೆಬೇರೆ ಊರಿನಲ್ಲಿ ಬೇರೆಯವರ ಮನೆ ಕಾಯುತ್ತಾ ನಿಂತಿದೆ.

ಇನ್ನು ಆ ಕಂಟ್ರೋಲರಿನ ವಿಷಯ.

ತಗಡಿನಲ್ಲಿ ಹೂಬಳ್ಳಿ ಕತ್ತರಿಸುವ ಡಿಸೈನು ನೋಡಲೆಂದು ಒಂದು ಕಂಪ್ಯೂಟರ್ ತಂದು ಮನೆಯ ಎದುರು ಕೋಣೆಯಲ್ಲಿ ಇಟ್ಟಿದ್ದೆ. ಜಲಜಳ ತಮ್ಮ ರಾಘು ಮುಂಬೈಯಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕೂರುವವನು. ಮದುವೆ, ಮಕ್ಕಳು ಎಲ್ಲ ಆದವನೇ, ಆದರೂ ಗೇಮಿನ ಹುಚ್ಚು ಬಿಟ್ಟಿಲ್ಲ. ಬೇಸಿಗೆ ರಜೆಗೆ ಊರಿಗೆ ಬಂದವನು ಆ ಕಂಪ್ಯೂಟರಿಗೆ ಒಂದು ಗೇಮ್ ಹಾಕಿ, ಕಂಟ್ರೋಲರನ್ನೂ ಬಿಟ್ಟು ಹೋದ. “ಭಾವ, ಆಯ್ತವಾರ ಮಧ್ಯಾಹ್ನ ಊಟದ್ ಗಲಾಟೆ ಮುಗ್ದ್ ಮೇಲೆ ನಾನ್ ಫ್ರೀ. ನೀವ್ ಅಲ್ಲಿಂದ ಬನಿ, ನಾನ್ ಇಲ್ಲಿಂದ ಬತ್ತೆ. ಒಟ್ಟಿಗ್ ಆಡ್ವ” ಎಂದ.

ಅದೊಂದು ಬೇರೆಯೇ ಲೋಕ. ಕಾಡು, ಗುಡ್ಡ, ಹೊಳೆ, ಹಾಳುಬಿದ್ದ ಕೋಟೆ, ರಾಕ್ಷಸರು, ಬೆಂಕಿ ಕಾರುವ ಹಾವು. ರಾಘು ಅಲ್ಲಿ ಉದ್ದ ನಿಲುವಂಗಿಯ ಮಂತ್ರವಾದಿ. ನಾನು ಗದೆ ಹಿಡಿದ ಗಡ್ಡದವ. ಊರೂರು ತಿರುಗಿ ರಾಕ್ಷಸರನ್ನು ಕೊಲ್ಲಬೇಕು. ತಿರುಗಿ ಬಂದು ಮಲಗಲು ನಮ್ಮದೇ ಒಂದು ಮನೆ ಕಟ್ಟಿಕೊಳ್ಳಬೇಕು. ಮರ ಕಡಿದರೆ ಹಲಗೆ, ಬಂಡೆ ಒಡೆದರೆ ಕಲ್ಲು. ನೆಲ, ಗೋಡೆ, ಮೇಲಿನ ಮಾಡು, ಬಾಗಿಲು, ಎಲ್ಲ ನಮ್ಮಿಷ್ಟದಂತೆ ಜೋಡಿಸಬಹುದು. ಒಳಗೆ ಒಂದು ಮಂಚ ಹಾಕಿದರೆ ಅದು ನಿಮ್ಮ ನೆಲೆ. ಎಲ್ಲಿಯೇ ಸತ್ತರೂ ಆ ಮಂಚದ ಮೇಲೆ ಎದ್ದು ಕೂರುತ್ತೀರಿ. ಮಂಚ ಒಡೆದುಹೋಯಿತೋ, ಆಟ ಶುರುವಾಗುವ ಖಾಲಿ ಕಡಲ ದಂಡೆಯಲ್ಲಿ ಬರಿಗೈಯಲ್ಲಿ ಏಳಬೇಕು.

ರಾಕ್ಷಸರನ್ನು ಕೊಲ್ಲುವುದರಲ್ಲಿ ನನಗೆ ರುಚಿ ಹತ್ತಲಿಲ್ಲ. ಲೋಕ ಉದ್ಧಾರದ ಕೆಲಸ ರಾಘು ನೋಡಿಕೊಂಡ. ನನಗೆ ಹಿಡಿಸಿದ್ದು ಕಟ್ಟುವುದು. ಪಂಚಾಯತಿಯ ಕಾಗದ ಬೇಡ, ಮರಳಿನ ಲಾರಿಗೆ ಕಾಯಬೇಡ, ನಾಳೆ ಬತ್ತೆ ಎಂದು ಹೋದ ಗಾರೆಯವನನ್ನು ಹುಡುಕಬೇಡ. ಒಂದೇ ಬೇಸರವೆಂದರೆ ಅಲ್ಲಿ ನಮ್ಮ ಕೆಂಪುಕಲ್ಲು ಇಲ್ಲ, ಎಲ್ಲ ಬೂದಿ ಬಣ್ಣ. ಇನ್ನೊಂದು ವಿಚಿತ್ರವೂ ಉಂಟು. ಕೆಳಗಿನ ಕಂಬ ತೆಗೆದರೂ ಮಾಡು ಬೀಳುವುದಿಲ್ಲ, ಗಾಳಿಯಲ್ಲೇ ನಿಲ್ಲುತ್ತದೆ. ಕಂಬ ದಂಡ, ಬಿಡಿ ಭಾವ ಎಂದ ರಾಘು. ಬೀಳದಿದ್ದರೂ ನನಗೆ ಅದರಡಿಯಲ್ಲಿ ನಿದ್ದೆ ಬರಬೇಕಲ್ಲ ಎಂದು ನಾನು ಆಮೇಲೆ ಕಟ್ಟಿದ ಮಾಡಿಗೆಲ್ಲ ಕಂಬ ಕೊಟ್ಟೆ.

ಆಮೇಲೆ ಎಂದೆ. ಏಕೆಂದರೆ ಮೊದಲು ಕಟ್ಟಿದ್ದು ಮಾಡು ಅಲ್ಲ.

ಜಾಗ ಆರಿಸಿದ್ದು ನಾನೇ. ಕತ್ತೆ ಹೊಡೆದುಕೊಂಡು ವ್ಯಾಪಾರಿಗಳು ಹೋಗುವ ದೊಡ್ಡ ದಾರಿಯ ಬದಿ. ಸುತ್ತ ಆಳೆತ್ತರದ ಪಾಗಾರದ ಗೋಡೆ. ರಾಘುವನ್ನು ಗುಹೆಗೆ ಅಟ್ಟಿ ಕಬ್ಬಿಣ ತರಿಸಿ ಎದುರಿಗೆ ಎರಡು ಎಲೆಯ ಗೇಟು ಮಾಡಿದೆ. ಮೇಲೆ ಭರ್ಜಿಯ ಮೊನೆ, ಎರಡು ಬದಿಗೆ ದೀಪದ ಕಂಬ. ನಾಲ್ಕು ಭಾನುವಾರ ಹಿಡಿಯಿತು. ರಾಘು ಬಂದ. ಗೇಟು ತೆರೆದ. ಒಳಗೆ ನಿಂತ.

“ಅರೆ ಭಾವ,” ಎಂದಿತು ಸ್ಪೀಕರಿನಿಂದ ಅವನ ಸ್ವರ, “ಅರಮನಿ ಗೇಟ್ ಇತ್ತ್. ಒಳ್ಗ್ ಬಂದ್ರೆ ಮಂಚ ಒಂದ್ ಮಳೀಗ್ ನೆನೀತಾ ಇತ್ತ್. ಇದ್ ಮನಿಯಾ ಬಸ್ ಸ್ಟ್ಯಾಂಡಾ?”

“ಬಸ್ ಸ್ಟ್ಯಾಂಡಿಗಾರೂ ಮಾಡ್ ಇರತ್ತ್ ಮಾರಾಯ,” ಎಂದಳು ಜಲಜ ಒಳಗಿನಿಂದ. ಅವಳು ಬಂಗುಡೆ ಕೊಯ್ಯುತ್ತಿದ್ದಳು, ಕಣ್ಣು ಮಾತ್ರ ಇಲ್ಲಿ ಇತ್ತು ಎಂದು ಆಗ ಗೊತ್ತಾಯಿತು.

“ಗೇಟ್ ಹೇಂಗಿತ್, ಅದ್ ಹೇಳ್” ಎಂದೆ ನಾನು ರಾಘುವಿಗೆ.

“ಗೇಟ್ ಲಾಯ್ಕಿತ್. ಆರೆ ಭಾವ, ಕಾಂಬುಕ್ ಯಾರಿದ್ರ್? ಈ ಲೋಕದಲ್ಲ್ ಮನುಷ್ಯರ್ ಅಂದ್ರೆ ನೀವ್ ಮತ್ತ್ ನಾನ್, ಇಬ್ರೇ.”

ಅದು ನನಗೆ ಹೊಳೆದಿರಲಿಲ್ಲ. ಕತ್ತೆಯ ವ್ಯಾಪಾರಿಗಳು ಗೇಮಿನ ಗೊಂಬೆಗಳು, ತಲೆ ತಿರುಗಿಸಿ ನೋಡುವ ಜಾತಿಯವರಲ್ಲ.

ಅಂದಿನಿಂದ ಜಲಜ ಮೀನಿನ ಮಣೆ ಬಿಟ್ಟು ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲತೊಡಗಿದಳು. ಮನೆಯೂ ಏಳತೊಡಗಿತು. “ಇಲ್ಲಿ ಜಗ್ಲಿ. ಇಲ್ಲಿ ಒಲಿ. ಹಿಂದ್ ಒಂದ್ ಬಾಗ್ಲ್ ಇಡಿ.” ಇಟ್ಟೆ. ಗೇಮಿನಲ್ಲಿ ಒಂದು ಬಾಗಿಲು ಇಡುವುದೆಂದರೆ ಒಂದು ಗುಂಡಿ ಒತ್ತುವುದು. ಅವಳು ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ನಾನು ಕಿಟಕಿಯ ಅಳತೆಯಲ್ಲಿದ್ದೆ.

ಅದಾದ ಮುಂದಿನ ಭಾನುವಾರ, ಮನೆ ಮುಗಿದು ಹೊಸದಾಗಿ ಹೊಳೆಯುತ್ತಿದ್ದಾಗ, ಗಿರಾಕಿಯೊಬ್ಬರು ಬಂದರು. ಕಳ್ಳರ ಹೆದರಿಕೆ, ಕಿಟಕಿಗೆಲ್ಲ ಗಟ್ಟಿ ಗ್ರಿಲ್ಲು ಬೇಕು ಎಂದರು. ಕಂಟ್ರೋಲರನ್ನು ಜಲಜಳ ಕೈಗೆ ಕೊಟ್ಟು, “ಸುಮ್ನೆ ಹಿಡ್ಕಂಡಿರ್, ಎಂತೂ ಒತ್ತಬ್ಯಾಡ” ಎಂದು ಹೇಳಿ ಹೊರಗೆ ಹೋದೆ. ಗೇಮಿನಲ್ಲಿ ಹೊತ್ತು ಬೇಗ ಇಳಿಯುತ್ತದೆ. ನಮ್ಮ ಒಂದು ಮಧ್ಯಾಹ್ನಕ್ಕೆ ಅಲ್ಲಿ ಹಲವು ಸಂಜೆ. ಸಂಜೆಯಾದೊಡನೆ ಕಾಡಿನಿಂದ ರಾಕ್ಷಸರು ಇಳಿಯುತ್ತಾರೆ. ಅಷ್ಟರೊಳಗೆ ಎಲ್ಲ ಮುಚ್ಚಿ ಭದ್ರ ಮಾಡುವುದು ಆ ಲೋಕದ ಮೊದಲ ಪಾಠ.

ನಾನು ಗಿರಾಕಿಯನ್ನು ಕರೆದುಕೊಂಡು ಗ್ರಿಲ್ಲಿನ ಡಿಸೈನು ತೋರಿಸಲು ಒಳಗೆ ಬರುವಾಗ ಸ್ಪೀಕರಿನಲ್ಲಿ ರಾಘುವಿನ ಬೊಬ್ಬೆ.

“ಅಕ್ಕಾ, ಬಾಗ್ಲ್ ಹಾಕ್! ಬಾಗ್ಲ್ ಹಾಕ್ ಮಾರಾಯ್ತಿ!”

“ದೀಪ ಹಚ್ಚಿದ್ ಹೊತ್ತಿಗ್ ಎದ್ರ್ ಬಾಗ್ಲ್ ಹಾಕುಕಾಗ ಮಾರಾಯ!”

“ಅಕ್ಕಾ, ಅದ್ ಬಪ್ದ್ ಲಕ್ಷ್ಮಿ ಅಲ್ಲ!”

ಅಲ್ಲಿ ಸೂರ್ಯ ಇಳಿದದ್ದನ್ನು ನೋಡಿದ ಜಲಜ ತಾನು ಕಲಿತದ್ದನ್ನು ಮಾಡಿದ್ದಳು. ಹಿಂದಿನ ಬಾಗಿಲು ಹಾಕಿದ್ದಳು. ಎದುರಿನ ಬಾಗಿಲು ತೆರೆದಿಟ್ಟಿದ್ದಳು. ಹೊಸ್ತಿಲಿನ ಬದಿಗೆ ದೀಪ ಇಟ್ಟಿದ್ದಳು. ಗೇಟು ಹಾಕಿದ್ದರೆ ಲಕ್ಷ್ಮಿ ಎಲ್ಲಿಂದ ಬರುವುದು ಎಂದು ಗೇಟಿನ ಎರಡು ಎಲೆಯನ್ನೂ ಅಗಲ ಮಾಡಿದ್ದಳು. ಯಾವ ಗುಂಡಿಗೆ ಯಾವ ಬಾಗಿಲು ಎಂದು ಹಿಂದೆ ನಿಂತು ನೋಡಿಯೇ ಕಲಿತಿದ್ದಳು. ದೀಪದ ಬೆಳಕಿಗೆ ರಾಕ್ಷಸರು ಮದುವೆ ದಿಬ್ಬಣದ ಹಾಗೆ ಸಾಲಾಗಿ ಒಳಗೆ ಬಂದರು. ಗದೆ ಹಿಡಿದ ಗಡ್ಡದವ ಜಗಲಿಯಲ್ಲಿ ಕೈಕಟ್ಟಿದವನಂತೆ ನಿಂತಿದ್ದ. ಅವನಿಗೆ ಹಿಂದಿನಿಂದ ಓಡುವ ಎಂದರೆ ಹಿಂದಿನ ಬಾಗಿಲು ಗಟ್ಟಿಯಾಗಿ ಹಾಕಿತ್ತು. ಒಲೆ ಹೋಯಿತು, ಗೋಡೆ ಹೋಯಿತು, ಕೊನೆಗೆ ಮಂಚ. ತೆರೆ ಕಪ್ಪಾಗಿ, ಬೆಳಕಾಗಿ, ಖಾಲಿ ಕಡಲ ದಂಡೆ ಕಂಡಿತು.

ಗಿರಾಕಿ ನನ್ನ ಹೆಗಲ ಮೇಲಿಂದ ಎಲ್ಲವನ್ನೂ ನೋಡಿ ಮುಗಿಸಿದ್ದರು. “ಎಂತ ಮೇಸ್ತ್ರಿ, ಮನಿ ಹೋಯ್ತಾ?” ಎಂದರು. ಗ್ರಿಲ್ಲಿನ ವಿಷಯ ಆಮೇಲೆ ಹೇಳುತ್ತೇನೆಂದು ಹೊರಟರು. ನನ್ನ ಕೆಲಸದ ಮೇಲಿದ್ದ ಅವರ ನಂಬಿಕೆ ಅಂದು ಸ್ವಲ್ಪ ಸವೆದಿರಬೇಕು.

“ಅಲ್ಲಿ ಸಂಜಿಗ್ ಯಾರಾರೂ ಬಾಗ್ಲ್ ತೆಗ್ದ್ ಇಡ್ತ್ರಾ?” ಎಂದೆ ಜಲಜಳಿಗೆ.

ಅವಳು ಕಂಟ್ರೋಲರನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟಳು. “ಮದಿ ಆದ್ ಮೇಲೆ ನಂಗ್ ಎರಡ್ ಬಾಗಿಲಿನ್ ಮನಿ ಸಿಕ್ಕದ್ದ್ ಅದೊಂದೇ,” ಎಂದಳು. “ಅಭ್ಯಾಸ. ಕೈ ಅದರಷ್ಟಕ್ಕೇ ಹೋಯ್ತ್.”

ಆಮೇಲೆ ನಮ್ಮ ಮನೆಗೂ ಸಂಜೆಯಾಯಿತೆಂದು ಒಳಗೆ ಹೋಗಿ ದೀಪ ಹಚ್ಚಿದಳು. ಮುಚ್ಚಲು ಬಾಗಿಲಿಲ್ಲದ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ನಾನು ಅಷ್ಟು ವರ್ಷ ಅದರಲ್ಲಿ ತಾರೀಕು ಮಾತ್ರ ನೋಡಿದ್ದೆ.

ಎರಡನೆಯ ಮನೆ ಕಟ್ಟುವಾಗ ಕಂಟ್ರೋಲರ್ ಅವಳ ಕೈಯಲ್ಲಿ ಇತ್ತು. ನಾನು ಮರ ಕಡಿಸುವ ಮೇಸ್ತ್ರಿ. ಅಂದರೆ ಅವಳು ನನಗೆ ಹೇಳುವುದು, ನಾನು ರಾಘುವಿಗೆ ಹೇಳುವುದು, ಕಡಿಯುವುದು ರಾಘು. ಅವಳು ದೊಡ್ಡ ದಾರಿ ಬಿಟ್ಟು ಹೊಳೆಯ ತಿರುವಿನಲ್ಲಿ ಜಾಗ ಹಿಡಿದಳು. ದಾರಿಯಿಂದ ಏನೂ ಕಾಣದು ಎಂದೆ. “ನಮ್ಗ್ ದಾರಿ ಕಂಡ್ರೆ ಸಾಕಲ್ದಾ” ಎಂದಳು. ಪಾಗಾರ ಬೇಡ, ಗೇಟು ಬೇಡ. ಜಗಲಿ, ಎದುರು ಬಾಗಿಲು, ಹಿಂದಿನ ಬಾಗಿಲು. ಒಂದೇ ಮಧ್ಯಾಹ್ನದಲ್ಲಿ ಮನೆ ಎದ್ದು ನಿಂತಿತು.

“ರಾಕ್ಷಸರ್ ಬಂದ್ರೆ?” ಎಂದೆ.

“ಬರ್ಲಿ. ಸಂಜಿಗ್ ಎದ್ರ್ ಬಾಗ್ಲ್ ನಾನ್ ಹಾಕುದಿಲ್ಲೆ. ಬೇಕಾರೆ ನೀವ್ ಎಂತಾರೂ ಮಾಡ್ಕಣಿ.”

ಎಂತಾರೂ ಮಾಡಿಕೊಳ್ಳುವುದೇ ನನ್ನ ಕಸುಬು. ಬಾಗಿಲು ತೆರೆದೇ ಇರಬೇಕು, ಕಳ್ಳ ಬರಬಾರದು ಎಂದು ಈ ಕಡೆಯವರೆಲ್ಲ ನನ್ನಿಂದ ಮಾಡಿಸಿಕೊಳ್ಳುವುದು ಏನನ್ನು? ಜಗಲಿಗೆ ಗ್ರಿಲ್ಲು. ಕಂಬದಿಂದ ಕಂಬಕ್ಕೆ ಕಬ್ಬಿಣದ ಸರಳು ಜೋಡಿಸಿದೆವು. ಸಂಜೆ ಇಳಿಯಿತು. ಅವಳು ಹಿಂದಿನದು ಹಾಕಿದಳು, ಎದುರಿನದು ತೆರೆದಳು, ದೀಪ ಇಟ್ಟಳು. ರಾಕ್ಷಸರು ಬಂದರು, ರೇಷನ್ ಅಂಗಡಿಯ ಎದುರು ನಿಂತವರ ಹಾಗೆ ಸರಳಿನ ಆಚೆ ಸಾಲಾಗಿ ನಿಂತು ದೀಪ ನೋಡಿದರು. ಒಳಗೆ ಬರಲಾಗಲಿಲ್ಲ.

“ಅಕ್ಕಾ, ಈಗ ಲಕ್ಷ್ಮಿ ಎಲ್ಲಿಂದ ಬತ್ಲ್?” ಎಂದ ರಾಘು.

“ಸರಳಿನ್ ಸಂದಿಂದ ಬತ್ಲ್. ಅವ್ಳ್ ಸಪೂರ.”

“ಫೋಟೋದಲ್ಲ್ ಅಷ್ಟ್ ಸಪೂರ ಕಾಂತಿಲ್ಲೆ.”

“ನೀನ್ ಗಲ್ಲಾದ್ ಮೇಲಿಪ್ಪ ಫೋಟೋ ಕಂಡದ್ದ್. ಹೋಟ್ಲ್ ಊಟಕ್ಕ್ ಉಬ್ಬಿದ್ಲ್” ಎಂದಳು. ಬಹಳ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು ನೋಡಿದೆ. ಆ ನಗು ಮುಗಿದ ಮೇಲೆ ಅವಳು ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡು, “ಅಲ್ಲಿ ಎರಡ್ ಮನಿ ಆಯ್ತ್” ಎಂದಳು. ಮುಂದಿನದನ್ನು ಹೇಳಲಿಲ್ಲ. ಹೇಳಿದ್ದು ಆಯುಧಪೂಜೆಯ ದಿನ, ಹೂವಿನ ಮೂಲಕ.

ಪೂಜೆ ಕಳೆದ ವಾರದಲ್ಲಿ ಕೊಲ್ಲೂರಿನಿಂದ ಲಾಡ್ಜಿನ ಯಜಮಾನರೊಬ್ಬರು ಬಂದರು. ಗೋಡೆಗೆ ಒರಗಿ ನಿಂತಿದ್ದ, ಈ ಮಳೆಗಾಲದ, ನಮ್ಮ ಮನೆಯ ಗೇಟಿನ ಎದುರು ನಿಂತವರು ಅಲ್ಲಿಂದ ಅಲುಗಲಿಲ್ಲ. ಕೊನೆಗೆ, “ಇದ್ ನಿಮ್ಮನಿಗ್ ಅಂದೇಳಿ ಮಾಡದ್ದ್ ಅಂಬ್ರ್ ಕೆಲ್ಸದವ್ರ್. ನಾನ್ ಕೇಂಬುದ್ ಸಮ ಅಲ್ಲ, ಅಲ್ದಾ?” ಎಂದರು.

“ಕೊಂಡ್ಹೋಯ್ನಿ,” ಎಂದೆ. “ನಮ್ಮನಿಗ್ ಮೊದ್ಲ್ ದಾರಂದ ಆಯ್ಕ್.”

ದಾರಂದವೆಂದರೆ ಬಾಗಿಲಿನ ಚೌಕಟ್ಟು. ಅವರಿಗೆ ಚಹಾ ತಂದಿದ್ದ ಜಲಜ ಲೋಟವನ್ನು ಅವರ ಕೈಗೆ ಕೊಡುವ ಬದಲು ಹಿಡಿದುಕೊಂಡೇ ನಿಂತಳು. ಯಜಮಾನರು ಕೈ ಚಾಚಿಕೊಂಡು ಕಾದರು.

ನಮ್ಮಲ್ಲಿ ಮನೆ ಕಟ್ಟುವಾಗ ಅಡಿಪಾಯವಾದ ಮೇಲೆ, ಗೋಡೆ ಏಳುವ ಮೊದಲೇ ಎದುರಿನ ದಾರಂದವನ್ನು ನಿಲ್ಲಿಸುವ ಶಾಸ್ತ್ರ ಉಂಟು. ಹೋದ ತಿಂಗಳು ಬಸ್ರೂರಿನ ಜಾಗದಲ್ಲಿ ನಮ್ಮದೂ ಆಯಿತು. ಹಲಸಿನ ಮರದ್ದು. ಅರಸಿನ ಹಚ್ಚಿ, ಮಾವಿನೆಲೆ ಕಟ್ಟಿ, ಭಟ್ಟರು, ಆಚಾರಿ, ಗಾರೆಯವರು ಎಲ್ಲ ತಿಂಡಿ ತಿಂದು ಹೋದರು. ಸುತ್ತ ಬಯಲು, ನಡುವೆ ಒಂದು ಚೌಕಟ್ಟು. ಸಂಜೆಗೆ ಅಲ್ಲಿಯೇ ಒಂದು ದೀಪ ಹಚ್ಚಿ ಹೋಗುವ ಎಂದಳು ಜಲಜ. ಪಾಗಾರವಿಲ್ಲ, ಗೇಟಿಲ್ಲ. ನಾನು ಹೇಳಿದ್ದ ಎರಡು ಎಮ್ಮೆಗಳೂ ಬಂದು, ನಾಳೆ ಒಲೆ ಬರುವ ಜಾಗದಲ್ಲಿ ಹುಲ್ಲು ಮೇಯ್ದು ಹೋದವು.

ಅವಳು ಹೊಸ್ತಿಲಿನ ಒಳಬದಿಗೆ ದೀಪ ಇಟ್ಟು ಅಂಗೈ ಅಡ್ಡ ಹಿಡಿದಳು. ಹಿಂದೆ ಹೊಳೆಯ ಕಡೆಯಿಂದ ಗಾಳಿ ನೇರವಾಗಿ ಬರುತ್ತಿತ್ತು. ನಾನು ಸುಮ್ಮನಿರಲಾರದೆ, “ಎದ್ರ್ ಬಾಗ್ಲ್ ಆಯ್ತ್. ಹಿಂದಿನ್ ಬಾಗ್ಲ್ ಹಾಕ್ಲಿಲ್ಲ್ಯಲೆ?” ಎಂದೆ.

ಅವಳು ತಿರುಗಿ ಹಿಂದಿನ ಬಯಲನ್ನು ನೋಡಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ಅಳತೆ ತೆಗೆಯುವವಳ ಹಾಗೆ ನೋಡಿದಳು.

“ಹೋಯಿ ಅಲ್ಲಿ ಕೂಕಣಿ,” ಎಂದಳು, “ಬಾಗ್ಲ್ ಆಪಲ್ಲಿವರಿಗೆ.”

ಹಿಂದಿನ ಬಾಗಿಲು ಬರುವ ಜಾಗಕ್ಕೆ ಒಂದು ಕೆಂಪುಕಲ್ಲು ಎಳೆದುಕೊಂಡು, ಹೊಳೆಗೆ ಬೆನ್ನು ಕೊಟ್ಟು ಕೂತೆ. ಗಾಳಿ ಬೆನ್ನಿಗೆ ಬಡಿಯಿತು. ದೀಪದ ಕುಡಿ ನೆಟ್ಟಗೆ ನಿಂತಿತು.